ಎಂಬಿಟಿಐ ನೋಡಿ ಅಟ್ಯಾಚ್‌ಮೆಂಟ್ ಶೈಲಿ ಹೇಳಬಹುದೇ?

ದಕ್ಷಿಣ ಕೊರಿಯಾದಿಂದ ಕೆಲವು ವರ್ಷಗಳಿಂದ ಒಂದೇ ಬಗೆಯ ಸುದ್ದಿ ಬರುತ್ತಿದೆ. ಅಲ್ಲಿನ ಯುವಜನ ಸಂಗಾತಿ ಹುಡುಕುವಾಗ ಮೊದಲು ಕೇಳುವುದು ಎಂಬಿಟಿಐ ಎಂಬ, ಜನರನ್ನು ಹದಿನಾರು ವಿಧಗಳಾಗಿ ವಿಂಗಡಿಸುವ ವ್ಯಕ್ತಿತ್ವ ಪರೀಕ್ಷೆಯ ನಾಲ್ಕು ಅಕ್ಷರಗಳನ್ನು. ಕೆಲಸದ ಜಾಹೀರಾತಿನಲ್ಲೂ ಆ ಅಕ್ಷರಗಳನ್ನು ಕೇಳಿ ವಿವಾದವಾಗಿದೆ. 2022ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಭ್ಯರ್ಥಿಗಳ ಎಂಬಿಟಿಐ ಕೂಡ ಚರ್ಚೆಗೆ ಬಂತು. ಇದರ ಜೊತೆಗೆ 2025ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನ ಇನ್ನೊಂದು ಚರ್ಚೆ ಎಬ್ಬಿಸಿತು: ದೊಡ್ಡವರಾದ ಮೇಲೆ ಪ್ರೀತಿಯಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆ, ಅಂದರೆ ನಮ್ಮ ಅಟ್ಯಾಚ್‌ಮೆಂಟ್ ಶೈಲಿ ಏನು, ಎಂಬುದಕ್ಕೆ ತಾಯಿಯ ಜೊತೆಗಿನ ನಂಟಿಗಿಂತ ಬಾಲ್ಯದ ಗೆಳೆತನದ ಕೊಂಡಿಯೇ ಗಟ್ಟಿ ಎಂದು ಅದು ಹೇಳಿತು.

ಮೊಬೈಲ್ ಪರದೆಯಲ್ಲಿ ಈ ಎರಡೂ ಬೆರೆತುಹೋಗಿವೆ. 'ಐಎನ್‌ಎಫ್‌ಜೆ ಆದವರು ಆಂಕ್ಷಿಯಸ್', 'ಐಎಸ್‌ಟಿಪಿ ಆದವರು ಅವಾಯ್ಡೆಂಟ್, ಅವರನ್ನು ಪ್ರೀತಿಸಿದರೆ ಕಷ್ಟ' ಎನ್ನುವ ರೀಲ್ಸ್ ಕನ್ನಡದವರ ಫೋನಿಗೂ ಬರುತ್ತಿವೆ. ಆಂಕ್ಷಿಯಸ್ ಎಂದರೆ ಸಂಗಾತಿ ಬಿಟ್ಟುಹೋಗುತ್ತಾರೇನೋ ಎಂಬ ಆತಂಕದವರು, ಅವಾಯ್ಡೆಂಟ್ ಎಂದರೆ ಹತ್ತಿರವಾಗದೆ ದೂರ ಸರಿಯುವವರು. ಒಂದು ಪರೀಕ್ಷೆಯ ಉತ್ತರದಿಂದ ಇನ್ನೊಂದರ ಉತ್ತರ ತಾನಾಗಿ ಸಿಗುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ವ್ಯಕ್ತಿತ್ವಕ್ಕೂ ಅಟ್ಯಾಚ್‌ಮೆಂಟ್ ಶೈಲಿಗೂ ನಂಟು ನಿಜವಾಗಿಯೂ ಇದೆ, ಅದನ್ನು ಅಳೆದೂ ಇದ್ದಾರೆ. ಆದರೆ ಆ ನಂಟಿನಲ್ಲಿ ಅತಿ ಗಟ್ಟಿಯಾದ ಎಳೆ ಹಾದುಹೋಗುವುದು ಎಂಬಿಟಿಐ ಅಳೆಯದೇ ಬಿಟ್ಟಿರುವ ಗುಣದ ಮೂಲಕ.

ಒಂದು ಮಕ್ಕಳ ಕೋಣೆಯಿಂದ, ಇನ್ನೊಂದು ಪುಸ್ತಕದಿಂದ

ಅಟ್ಯಾಚ್‌ಮೆಂಟ್ ಸಿದ್ಧಾಂತ ಶುರುವಾದದ್ದು ಮಕ್ಕಳಿಂದ. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ ತಾಯಿಯಿಂದ ಬೇರ್ಪಟ್ಟ ಮಕ್ಕಳ ಸ್ಥಿತಿಯನ್ನು ವಿವರಿಸಿದರು. ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ತಾಯಿ–ಮಕ್ಕಳನ್ನು ಹತ್ತಿರದಿಂದ ಗಮನಿಸಿ, ಸುಮಾರು ಇಪ್ಪತ್ತು ನಿಮಿಷದ ಒಂದು ಪರೀಕ್ಷೆ ರೂಪಿಸಿದರು. 12ರಿಂದ 18 ತಿಂಗಳ ಮಗುವನ್ನು ಹೊಸ ಕೋಣೆಗೆ ತರುತ್ತಾರೆ. ತಾಯಿ ಎರಡು ಸಲ ಎದ್ದುಹೋಗಿ ಮತ್ತೆ ಬರುತ್ತಾಳೆ. ನಡುವೆ ಅಪರಿಚಿತರೊಬ್ಬರು ಬರುತ್ತಾರೆ. ಸಂಶೋಧಕರು ಮುಖ್ಯವಾಗಿ ನೋಡುವುದು ತಾಯಿ ಹೋದಾಗ ಮಗು ಎಷ್ಟು ಅತ್ತಿತು ಎಂಬುದನ್ನಲ್ಲ, ಬಂದಾಗ ಏನು ಮಾಡಿತು ಎಂಬುದನ್ನು. ಓಡಿಬಂದು ಸಮಾಧಾನಪಟ್ಟು ಮತ್ತೆ ಆಟಕ್ಕೆ ಹೋಗುವ ಮಗು, ಬಂದರೂ ಮುಖ ತಿರುಗಿಸುವ ಮಗು, ಅಪ್ಪಿಕೊಂಡರೂ ಸಿಟ್ಟು ಇಳಿಯದ ಮಗು ಎಂದು ಮೂರು ಬಗೆ ಕಂಡವು. ಗೊಂದಲಗೊಂಡ ನಾಲ್ಕನೆಯ ಬಗೆಯನ್ನು 1980ರ ದಶಕದಲ್ಲಿ ಮೇರಿ ಮೇನ್ ಮತ್ತು ಜುಡಿತ್ ಸಾಲೊಮನ್ ಸೇರಿಸಿದರು.

ಇದನ್ನು ದೊಡ್ಡವರ ಪ್ರೀತಿಗೆ ಅನ್ವಯಿಸಿದ್ದು 1987ರಲ್ಲಿ. ಸಿಂಡಿ ಹೇಜನ್ ಮತ್ತು ಫಿಲಿಪ್ ಶೇವರ್ ಡೆನ್ವರ್ ನಗರದ ಒಂದು ದಿನಪತ್ರಿಕೆಯಲ್ಲಿ ಪ್ರಶ್ನಾವಳಿ ಪ್ರಕಟಿಸಿ, ಮೂರು ಪುಟ್ಟ ವಿವರಣೆ ಕೊಟ್ಟು, ನಿಮಗೆ ಯಾವುದು ಒಪ್ಪುತ್ತದೆ ಎಂದು ಓದುಗರನ್ನು ಕೇಳಿದರು. ಅರ್ಧಕ್ಕಿಂತ ತುಸು ಹೆಚ್ಚು ಜನ 'ಸೆಕ್ಯೂರ್', ಅಂದರೆ ನಿರಾಳ, ಎಂಬುದನ್ನು ಆರಿಸಿದರು. ಉಳಿದವರು ಮಿಕ್ಕ ಎರಡರಲ್ಲಿ ಹಂಚಿಹೋದರು. 1998ರಲ್ಲಿ ಕೆಲ್ಲಿ ಬ್ರೆನನ್, ಕ್ಯಾಥರಿನ್ ಕ್ಲಾರ್ಕ್ ಮತ್ತು ಶೇವರ್ ಅಲ್ಲಿಯವರೆಗೆ ಬಂದಿದ್ದ ಪ್ರಶ್ನಾವಳಿಗಳಿಂದ 323 ಪ್ರಶ್ನೆ ಆಯ್ದು, ಟೆಕ್ಸಾಸ್ ವಿಶ್ವವಿದ್ಯಾಲಯದ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಕೊಟ್ಟರು. ಉತ್ತರಗಳನ್ನು ವಿಶ್ಲೇಷಿಸಿದಾಗ ಉಳಿದದ್ದು ಎರಡೇ ಅಳತೆ. ಮೊದಲನೆಯದು ಆತಂಕ: ಬಿಟ್ಟುಹೋಗುತ್ತಾರೇನೋ, ನನ್ನ ಮೇಲೆ ಅಷ್ಟು ಪ್ರೀತಿ ಇಲ್ಲವೇನೋ ಎಂಬ ಅಳುಕು. ಎರಡನೆಯದು ದೂರ ಸರಿಯುವಿಕೆ: ಇನ್ನೊಬ್ಬರನ್ನು ನೆಚ್ಚಿಕೊಳ್ಳಲು, ಮನಸ್ಸು ಬಿಚ್ಚಲು ಆಗುವ ಮುಜುಗರ. ಇಂದು ಹೆಚ್ಚಾಗಿ ಬಳಸುವ ಇಸಿಆರ್ (ಆಪ್ತ ಸಂಬಂಧಗಳ ಅನುಭವ) ಪ್ರಶ್ನಾವಳಿ ಹುಟ್ಟಿದ್ದು ಹೀಗೆ. 18 ಪ್ರಶ್ನೆ ಆತಂಕಕ್ಕೆ, 18 ದೂರ ಸರಿಯುವಿಕೆಗೆ, ಒಟ್ಟು 36. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ. ಎರಡೂ ಕಡಿಮೆ ಇದ್ದರೆ ಸೆಕ್ಯೂರ್, ಆತಂಕ ಮಾತ್ರ ಹೆಚ್ಚಿದ್ದರೆ ಆಂಕ್ಷಿಯಸ್, ದೂರ ಸರಿಯುವಿಕೆ ಮಾತ್ರ ಹೆಚ್ಚಿದ್ದರೆ ಅವಾಯ್ಡೆಂಟ್, ಎರಡೂ ಹೆಚ್ಚಿದ್ದರೆ ಫಿಯರ್‌ಫುಲ್.

ಎಂಬಿಟಿಐ ಬಂದ ದಾರಿಯೇ ಬೇರೆ. ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ಮನೋವಿಧಗಳ ವಿಚಾರವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಅದನ್ನು ಕಟ್ಟಿದರು. ಇಬ್ಬರೂ ಮನೋವಿಜ್ಞಾನದಲ್ಲಿ ತರಬೇತಿ ಪಡೆದವರಲ್ಲ. ಇ–ಐ (ಬಹಿರ್ಮುಖ–ಅಂತರ್ಮುಖ), ಎಸ್–ಎನ್ (ಇಂದ್ರಿಯಾನುಭವ–ಒಳನೋಟ), ಟಿ–ಎಫ್ (ವಿಚಾರ–ಭಾವನೆ), ಜೆ–ಪಿ (ತೀರ್ಮಾನ–ಗ್ರಹಿಕೆ) ಎಂಬ ನಾಲ್ಕು ಜೋಡಿಗಳಿಂದ ಒಂದೊಂದು ಅಕ್ಷರ ಸೇರಿ ಒಬ್ಬರ ವಿಧವಾಗುತ್ತದೆ. ವಿಶ್ವವಿದ್ಯಾಲಯಗಳ ಸಂಶೋಧನೆಯಲ್ಲಿ ಬಳಕೆಯಲ್ಲಿರುವುದು ಮೂರನೆಯ ಬಗೆ, 'ಬಿಗ್ ಫೈವ್'. ಬಹಿರ್ಮುಖತೆ, ಹೊಂದಾಣಿಕೆ, ಶಿಸ್ತು, ಹೊಸತಿಗೆ ತೆರೆದ ಮನಸ್ಸು ಮತ್ತು ನ್ಯೂರಾಟಿಸಿಸಂ ಅದರ ಐದು ಗುಣಗಳು. ಕೊನೆಯದೆಂದರೆ ಚಿಂತೆ, ಬೇಸರ, ಸಿಟ್ಟು ಎಷ್ಟು ಬೇಗ ಏಳುತ್ತವೆ, ಎಷ್ಟು ಹೊತ್ತು ಉಳಿಯುತ್ತವೆ ಎಂಬುದರ ಅಳತೆ. ಅದು ಕಾಯಿಲೆಯ ಹೆಸರಲ್ಲ, ಹೆಚ್ಚು ಕಡಿಮೆ ಎಲ್ಲರಲ್ಲೂ ಇರುವಂಥದ್ದು.

ನಾಲ್ಕು ಅಕ್ಷರದೊಳಗೆ ಇಲ್ಲದ ಐದನೆಯದು

1989ರಲ್ಲಿ ರಾಬರ್ಟ್ ಮೆಕ್ರೇ ಮತ್ತು ಪಾಲ್ ಕೋಸ್ಟಾ ಒಂದೇ ಗುಂಪಿನ ಜನರ ಎಂಬಿಟಿಐ ಮತ್ತು ಬಿಗ್ ಫೈವ್ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಇ–ಐ ಅಕ್ಷರ ಬಹಿರ್ಮುಖತೆಗೆ, ಎಸ್–ಎನ್ ಹೊಸತಿಗೆ ತೆರೆದ ಮನಸ್ಸಿಗೆ, ಟಿ–ಎಫ್ ಹೊಂದಾಣಿಕೆಗೆ, ಜೆ–ಪಿ ಶಿಸ್ತಿಗೆ ಸರಿಸುಮಾರು ಹೊಂದಿದವು. ನ್ಯೂರಾಟಿಸಿಸಂಗೆ ಹೊಂದುವ ಅಕ್ಷರವೇ ಇರಲಿಲ್ಲ. ಮೈಯರ್ಸ್ ಅವರ ಉದ್ದೇಶವೂ ಹಾಗೆಯೇ ಇತ್ತು. ಯಾವ ವಿಧವೂ ಇನ್ನೊಂದಕ್ಕಿಂತ ಕೀಳಲ್ಲ ಎಂದು ತೋರಿಸಬೇಕಿದ್ದ ಪರೀಕ್ಷೆಯಲ್ಲಿ, ಚಿಂತೆ ಹೆಚ್ಚು ಎಂದು ಹೇಳುವ ಅಳತೆಗೆ ಜಾಗವಿರಲಿಲ್ಲ.

ಈಗ ಅಟ್ಯಾಚ್‌ಮೆಂಟ್ ಕಡೆಯಿಂದ ನೋಡೋಣ. ಶೇವರ್ ಮತ್ತು ಬ್ರೆನನ್ 1992ರಲ್ಲಿ, ಎರಿಕ್ ನಾಫ್ಟಲ್ ಮತ್ತು ಶೇವರ್ 2006ರಲ್ಲಿ ಇನ್ನೂ ದೊಡ್ಡ ಗುಂಪಿನಲ್ಲಿ, ಅಟ್ಯಾಚ್‌ಮೆಂಟ್ ಅಳತೆಗಳನ್ನು ಬಿಗ್ ಫೈವ್ ಜೊತೆ ಹೋಲಿಸಿದರು. ಸಿಕ್ಕ ಚಿತ್ರ ಸ್ಪಷ್ಟ. ಅಟ್ಯಾಚ್‌ಮೆಂಟ್ ಆತಂಕ ಎಲ್ಲಕ್ಕಿಂತ ಹೆಚ್ಚು ಹೊಂದಿಕೊಳ್ಳುವುದು ನ್ಯೂರಾಟಿಸಿಸಂ ಜೊತೆ, ಸಹಸಂಬಂಧ (ಎರಡು ಅಳತೆಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಸಂಖ್ಯೆ, ಗರಿಷ್ಠ 1) ಸುಮಾರು 0.4. ದೂರ ಸರಿಯುವಿಕೆ ಹೊಂದಾಣಿಕೆ ಮತ್ತು ಬಹಿರ್ಮುಖತೆಯ ಜೊತೆ ವಿರುದ್ಧ ದಿಕ್ಕಿನಲ್ಲಿ, ಸುಮಾರು 0.2ರ ಆಸುಪಾಸಿನಲ್ಲಿ, ಹೊಂದುತ್ತದೆ. ಹೊಸತಿಗೆ ತೆರೆದ ಮನಸ್ಸಿನ ಜೊತೆ ಎರಡಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ.

ಈ ಎರಡೂ ಸಂಗತಿಗಳನ್ನು ಕೂಡಿಸಿದರೆ ರೀಲ್ಸ್‌ನ ಲೆಕ್ಕ ಎಲ್ಲಿ ತಪ್ಪುತ್ತದೆ ಎಂದು ಕಾಣುತ್ತದೆ. 'ಆಂಕ್ಷಿಯಸ್' ಎಂದು ಊಹಿಸಲು ಬೇಕಾದ ಮುಖ್ಯ ಮಾಹಿತಿ ಆ ನಾಲ್ಕು ಅಕ್ಷರಗಳಲ್ಲಿ ಇಲ್ಲ. ಒಬ್ಬ ಐಎನ್‌ಎಫ್‌ಜೆ ನಿಶ್ಚಿಂತೆಯ ಮನುಷ್ಯನಾಗಿರಬಹುದು, ಇನ್ನೊಬ್ಬ ಐಎನ್‌ಎಫ್‌ಜೆ ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸುವವನಾಗಿರಬಹುದು. ಇಬ್ಬರಿಗೂ ಬರುವುದು ಅದೇ ಅಕ್ಷರ.

ಹಾಗಾದರೆ 'ನನಗೆ ಸರಿಯಾಗಿಯೇ ಬಂತಲ್ಲ' ಎಂದು ಅಷ್ಟು ಜನರಿಗೆ ಏಕೆ ಅನಿಸುತ್ತದೆ? ಕಾರಣ ಎರಡು. ಜಾಲತಾಣದಲ್ಲಿ ಹೆಚ್ಚು ಜನ ತೆಗೆದುಕೊಳ್ಳುವುದು ಮೂಲ ಎಂಬಿಟಿಐಯನ್ನಲ್ಲ, ಸಿಕ್ಸ್‌ಟೀನ್ ಪರ್ಸನಾಲಿಟೀಸ್ ಎಂಬ ಉಚಿತ ಪರೀಕ್ಷೆಯನ್ನು. ಅದು ನಾಲ್ಕು ಅಕ್ಷರದ ಕೊನೆಗೆ ಎ ಅಥವಾ ಟಿ ಎಂಬ ಐದನೆಯದನ್ನು ಸೇರಿಸುತ್ತದೆ. ಟಿ ಎಂದರೆ ಟರ್ಬ್ಯುಲೆಂಟ್, ತನ್ನ ಬಗ್ಗೆಯೇ ಅನುಮಾನ ಮತ್ತು ಒತ್ತಡ ಹೆಚ್ಚಿರುವವರು. ನ್ಯೂರಾಟಿಸಿಸಂ ಹಿಂಬಾಗಿಲಿನಿಂದ ಒಳಗೆ ಬಂದದ್ದು ಹೀಗೆ. 'ಐಎನ್‌ಎಫ್‌ಜೆ–ಟಿ ಆದವರು ಆಂಕ್ಷಿಯಸ್' ಎಂಬ ಮಾತಿನಲ್ಲಿ ಏನಾದರೂ ನಿಜವಿದ್ದರೆ ಅದು ಬಾಲದ ಟಿಯಿಂದ, ಮುಂದಿನ ನಾಲ್ಕರಿಂದ ಅಲ್ಲ. ಎರಡನೆಯ ಕಾರಣ, ನ್ಯೂರಾಟಿಸಿಸಂ ಹೆಚ್ಚಿರುವವರಲ್ಲಿ ಅಂತರ್ಮುಖಿಗಳ ಪಾಲು ಸರಾಸರಿಗಿಂತ ಸ್ವಲ್ಪ ಹೆಚ್ಚು. ಐ ಅಕ್ಷರಕ್ಕೆ ಆತಂಕದ ನೆರಳು ಬೀಳುವುದು ಇದರಿಂದ. ನೆರಳು ತೆಳು, ರೀಲ್ಸ್‌ನಲ್ಲಿ ಅದೇ ದಟ್ಟವಾಗಿ ಕಾಣುತ್ತದೆ.

0.4 ಎಂದರೆ ಎಷ್ಟು?

ಸಹಸಂಬಂಧ ಎಂಬ ಸಂಖ್ಯೆ ಓದುಗರನ್ನು ದಾರಿ ತಪ್ಪಿಸುವುದೇ ಹೆಚ್ಚು. 0.4 ಎಂದರೆ 'ನೂರಕ್ಕೆ ನಲವತ್ತು ನಿಜ' ಎಂದಲ್ಲ. ಅದನ್ನು ಅದರಿಂದಲೇ ಗುಣಿಸಿದರೆ ಬರುವ 0.16, ಅಂದರೆ ನೂರಕ್ಕೆ 16, ಎರಡು ಅಳತೆಗಳ ಏರಿಳಿತದಲ್ಲಿ ಪರಸ್ಪರ ಹೊಂದುವ ಪಾಲು. ಉಳಿದ 84 ಭಾಗಕ್ಕೆ ಕಾರಣ ಬೇರೆಲ್ಲೋ ಇದೆ.

ಬಳಕೆಯ ಲೆಕ್ಕದಲ್ಲಿ ಹೇಳುವುದಾದರೆ, ನ್ಯೂರಾಟಿಸಿಸಂನಲ್ಲಿ ಸರಾಸರಿಗಿಂತ ಮೇಲಿರುವ ನೂರು ಜನರನ್ನು ಆರಿಸಿ 'ಇವರೆಲ್ಲ ಅಟ್ಯಾಚ್‌ಮೆಂಟ್ ಆತಂಕದಲ್ಲೂ ಸರಾಸರಿಗಿಂತ ಮೇಲಿದ್ದಾರೆ' ಎಂದು ಊಹಿಸಿ. ಎರಡು ಅಳತೆಗಳೂ ಸಹಜ ಹಂಚಿಕೆಯಲ್ಲಿದ್ದರೆ (ಹೆಚ್ಚಿನವರು ನಡುವೆ, ಎರಡೂ ತುದಿಗಳಲ್ಲಿ ಕೆಲವರು) ಸುಮಾರು 63 ಜನರ ವಿಷಯದಲ್ಲಿ ಊಹೆ ಸರಿ, 37 ಜನರ ವಿಷಯದಲ್ಲಿ ತಪ್ಪು. ನಾಣ್ಯ ಚಿಮ್ಮಿದರೂ 50 ಸರಿ ಬರುತ್ತಿತ್ತು. ಸಹಸಂಬಂಧ 0.2 ಆದರೆ ಸರಿಯಾಗುವುದು 56 ಮಾತ್ರ. ಸಾವಿರಾರು ಜನರ ಅಧ್ಯಯನಕ್ಕೆ ಈ ವ್ಯತ್ಯಾಸ ಅಮೂಲ್ಯ. ಎದುರಿಗೆ ಕುಳಿತ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಅಳೆಯಲು ಅದು ಸಾಲದು.

ಮಾತು ಕಡಿಮೆಯವರೆಲ್ಲ ದೂರ ಸರಿಯುವವರಲ್ಲ

ಅಂತರ್ಮುಖಿ ಎಂದರೆ ಅವಾಯ್ಡೆಂಟ್ ಎಂಬುದು ಈ ವಿಷಯದಲ್ಲಿ ಅತಿ ಹೆಚ್ಚು ಹರಡಿರುವ ತಪ್ಪು. ಬಹಿರ್ಮುಖತೆಯ ಪ್ರಶ್ನೆಗಳು ಜನ, ಗದ್ದಲ, ಚಟುವಟಿಕೆ ಎಷ್ಟು ಬೇಕು ಎಂದು ಕೇಳುತ್ತವೆ. ದೂರ ಸರಿಯುವಿಕೆಯ ಪ್ರಶ್ನೆಗಳು ಕಷ್ಟ ಬಂದಾಗ ಹತ್ತಿರದವರ ಬಳಿ ಹೋಗುತ್ತೀರಾ, ಅವರು ನಿಮ್ಮನ್ನು ನೆಚ್ಚಿಕೊಂಡರೆ ನಿಮಗೆ ಉಸಿರುಕಟ್ಟುತ್ತದೆಯೇ ಎಂದು ಕೇಳುತ್ತವೆ. ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುವವರು ಹೆಂಡತಿಯ ಬಳಿ ಒಂದನ್ನೂ ಮುಚ್ಚಿಡದಿರಬಹುದು. ಇಡೀ ಊರಿಗೆ ಬೇಕಾದವರು ತಮ್ಮ ಕಾಯಿಲೆಯ ವಿಷಯವನ್ನು ಮನೆಯವರಿಂದಲೇ ಬಚ್ಚಿಡಬಹುದು. ಎರಡನೆಯವರೇ ಅವಾಯ್ಡೆಂಟ್ ಕಡೆಗೆ ಹತ್ತಿರ.

ಬಿಗ್ ಫೈವ್‌ನ ಒಂದೊಂದು ಗುಣವನ್ನೂ ಒಡೆದು ಒಳಗಿನ ಸಣ್ಣ ಅಂಶಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. ಕೋಸ್ಟಾ–ಮೆಕ್ರೇ ಅವರ 240 ಪ್ರಶ್ನೆಗಳ ಪೂರ್ಣ ಪರೀಕ್ಷೆಯಲ್ಲಿ ಪ್ರತಿ ಗುಣಕ್ಕೂ ಆರು ಉಪಾಂಶಗಳಿವೆ. ದೂರ ಸರಿಯುವಿಕೆಯ ವಿಷಯದಲ್ಲಿ ತೂಕವಿರುವುದು ಬಹಿರ್ಮುಖತೆಯೊಳಗಿನ ಆತ್ಮೀಯತೆ, ಹೊಂದಾಣಿಕೆಯೊಳಗಿನ ನಂಬಿಕೆ ಇಂಥ ಅಂಶಗಳಿಗೆ. ಗುಂಪಿನಲ್ಲಿ ಬೆರೆಯುವುದು, ಗಟ್ಟಿಯಾಗಿ ಮಾತಾಡುವುದು, ಸಾಹಸ ಇಷ್ಟಪಡುವುದು ಅಷ್ಟು ಮುಖ್ಯವಲ್ಲ. ಹತ್ತು ಪ್ರಶ್ನೆಯ ಚುಟುಕು ಪರೀಕ್ಷೆಗಳಲ್ಲಿ ಈ ಉಪಾಂಶಗಳು ಇರುವುದೇ ಇಲ್ಲ. ಅಂಥ ಪರೀಕ್ಷೆಯಿಂದ ದೂರ ಸರಿಯುವಿಕೆಯ ಬಗ್ಗೆ ಹೆಚ್ಚೇನೂ ಹೇಳಲಾಗದು.

ಸಂಶೋಧಕರೊಳಗಿನ ಜಗಳ

ಇಲ್ಲಿ ಮೂರು ವಾದಗಳಿವೆ. ಮೊದಲನೆಯವರ ಪ್ರಕಾರ ಅಟ್ಯಾಚ್‌ಮೆಂಟ್ ಶೈಲಿ ಹೊಸದೇನಲ್ಲ. ಚಿಂತೆಯ ಸ್ವಭಾವದ ಮನುಷ್ಯ ಪ್ರೀತಿಯ ವಿಷಯದಲ್ಲೂ ಚಿಂತಿಸುತ್ತಾನೆ, ಅದಕ್ಕೊಂದು ಬೇರೆ ಹೆಸರೇಕೆ ಎಂಬುದು ಅವರ ಪ್ರಶ್ನೆ. ಪ್ರಶ್ನಾವಳಿಗಳ ರಚನೆಯಲ್ಲೇ ಈ ವಾದಕ್ಕೆ ಬಲವಿದೆ. ಎರಡರಲ್ಲೂ 'ಚಿಂತೆಯಾಗುತ್ತದೆ' ಎಂಬ ಅರ್ಥದ ವಾಕ್ಯಗಳಿವೆ, ಆದ್ದರಿಂದ ಸಹಸಂಬಂಧದ ಒಂದು ಪಾಲು ಕೇವಲ ಪ್ರಶ್ನೆಗಳ ಹೋಲಿಕೆಯಿಂದ ಬಂದಿರುತ್ತದೆ.

ಎರಡನೆಯವರು, ಶೇವರ್ ಕಡೆಯವರು, ಇದಕ್ಕೆ ಅಂಕಿಯಲ್ಲೇ ಉತ್ತರ ಕೊಟ್ಟರು. ಸಂಬಂಧದಲ್ಲಿ ಜನ ಎಷ್ಟು ತೃಪ್ತರು, ಎಷ್ಟು ಬದ್ಧರು ಎಂಬುದನ್ನು ಊಹಿಸಲು ಬಿಗ್ ಫೈವ್‌ನ ಐದು ಅಂಕಗಳನ್ನು ಬಳಸಿದ ಮೇಲೂ, ಅಟ್ಯಾಚ್‌ಮೆಂಟ್ ಅಂಕ ಸೇರಿಸಿದರೆ ಊಹೆ ಸುಧಾರಿಸಿತು. ಬರೀ ಹೆಸರು ಬದಲಾಗಿದ್ದರೆ ಹಾಗಾಗುತ್ತಿರಲಿಲ್ಲ. ಇನ್ನೊಂದು ಸಾಕ್ಷ್ಯವೂ ಇದೆ. ಕ್ರಿಸ್ ಫ್ರೇಲಿ ಮತ್ತು ಸಂಗಡಿಗರು 2011ರಲ್ಲಿ ತಾಯಿ, ತಂದೆ, ಸಂಗಾತಿ, ಗೆಳೆಯ ಎಂದು ಒಬ್ಬೊಬ್ಬರ ಬಗ್ಗೆ ಬೇರೆ ಬೇರೆಯಾಗಿ ಒಂಬತ್ತೇ ಪ್ರಶ್ನೆ ಕೇಳುವ ಪ್ರಶ್ನಾವಳಿ ತಂದರು. ಒಬ್ಬನೇ ಮನುಷ್ಯ ತಂದೆಯ ವಿಷಯದಲ್ಲಿ ದೂರ, ಗೆಳೆಯನ ವಿಷಯದಲ್ಲಿ ನಿರಾಳ ಎಂದು ಬರುವುದು ಸಾಮಾನ್ಯ. ವ್ಯಕ್ತಿತ್ವದ ಗುಣ ಹೀಗೆ ಎದುರಿಗಿರುವವರನ್ನು ನೋಡಿಕೊಂಡು ಬದಲಾಗುವುದಿಲ್ಲ, ಬದಲಾದರೂ ಸ್ವಲ್ಪ.

ಮೂರನೆಯವರು ಇಡೀ ಚರ್ಚೆಯನ್ನೇ ಪ್ರಶ್ನಿಸುತ್ತಾರೆ. ಮೇರಿ ಮೇನ್ ಪರಂಪರೆಯ ಇವರು ಪ್ರಶ್ನಾವಳಿ ಬಳಸುವುದಿಲ್ಲ, ಸುಮಾರು ಒಂದು ಗಂಟೆಯ ಸಂದರ್ಶನ ನಡೆಸುತ್ತಾರೆ. ತಂದೆ–ತಾಯಿಯನ್ನು ವರ್ಣಿಸುವ ಐದು ಪದ ಹೇಳಿ, ಒಂದೊಂದಕ್ಕೂ ಒಂದು ನೆನಪು ಕೊಡಿ ಎನ್ನುತ್ತಾರೆ. 'ಅಮ್ಮ ತುಂಬಾ ಪ್ರೀತಿಯವಳು' ಎಂದವರಿಗೆ ಒಂದು ಘಟನೆಯೂ ನೆನಪಾಗದಿದ್ದರೆ ಅದೇ ಒಂದು ಸುಳಿವು. ಬಾಲ್ಯ ಹೇಗಿತ್ತು ಎಂಬುದಕ್ಕಿಂತ ಹೇಳಿದ ಮಾತು ಎಷ್ಟು ಕೂಡಿಬರುತ್ತದೆ ಎಂಬುದಕ್ಕೆ ಅಂಕ. 2007ರಲ್ಲಿ ಗ್ಲೆನ್ ರಾಯ್ಸ್‌ಮನ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಈ ಸಂದರ್ಶನಕ್ಕೂ ಸ್ವಯಂ ತುಂಬುವ ಪ್ರಶ್ನಾವಳಿಗೂ ನಡುವಿನ ಸಹಸಂಬಂಧ 0.09 ಮಾತ್ರ ಇತ್ತು. ಬಿಗ್ ಫೈವ್ ಜೊತೆಗೂ ಸಂದರ್ಶನದ ಫಲಿತಾಂಶಕ್ಕೆ ಗಟ್ಟಿ ನಂಟು ಸಿಗಲಿಲ್ಲ. ಅಂದರೆ 'ಅಟ್ಯಾಚ್‌ಮೆಂಟ್' ಎಂಬ ಒಂದೇ ಹೆಸರಿನಡಿ ಎರಡು ಬೇರೆ ವಸ್ತುಗಳನ್ನು ಅಳೆಯುತ್ತಿದ್ದಾರೆ. ಜಾಲತಾಣದ ಎಲ್ಲ ಪರೀಕ್ಷೆಗಳೂ ಪ್ರಶ್ನಾವಳಿಯ ಕಡೆಯವು.

ಈ ಮೂರರಲ್ಲಿ ಎರಡನೆಯ ವಾದಕ್ಕೇ ಸದ್ಯಕ್ಕೆ ಪುರಾವೆಯ ಬಲ ಹೆಚ್ಚು: ಎರಡೂ ಅಳತೆಗಳು ಒಂದನ್ನೊಂದು ತಾಗುತ್ತವೆ, ಒಂದರೊಳಗೊಂದು ಕರಗುವುದಿಲ್ಲ. ಆದರೆ ಮೊದಲನೆಯವರ ಎಚ್ಚರಿಕೆಯನ್ನು ಬದಿಗಿಡುವಂತಿಲ್ಲ. ನ್ಯೂರಾಟಿಸಿಸಂ ಅಳೆಯದೆ 'ಅಟ್ಯಾಚ್‌ಮೆಂಟ್ ಆತಂಕದಿಂದ ಹೀಗಾಗುತ್ತದೆ' ಎನ್ನುವ ಯಾವ ಅಧ್ಯಯನವನ್ನೂ ಅನುಮಾನದಿಂದಲೇ ಓದಬೇಕು.

ವಿಧಗಳು ಅಳಿಸಿಹಾಕುವ ಮಾಹಿತಿ

ಎರಡೂ ಪರೀಕ್ಷೆಗಳ ಜನಪ್ರಿಯ ರೂಪದಲ್ಲಿ ಒಂದೇ ದೋಷವಿದೆ. ನಿರಂತರವಾದ ಅಳತೆಯನ್ನು ನಡುವೆ ಕತ್ತರಿಸಿ ಎರಡು ಹೆಸರು ಕೊಡುವುದು. ಐದೂವರೆ ಅಡಿಯೇ ಗಡಿ ಎಂದಿಟ್ಟು, ಅದಕ್ಕಿಂತ ಅರ್ಧ ಇಂಚು ಮೇಲಿದ್ದವರನ್ನು 'ಎತ್ತರ', ಅರ್ಧ ಇಂಚು ಕೆಳಗಿದ್ದವರನ್ನು 'ಕುಳ್ಳು' ಎಂದಂತೆ. ಹೆಚ್ಚಿನ ಜನ ಇರುವುದು ಗಡಿಯ ಹತ್ತಿರವೇ. ಆದ್ದರಿಂದ ಆ ದಿನದ ಮನಸ್ಥಿತಿ ಒಂದೆರಡು ಉತ್ತರ ಬದಲಿಸಿದರೂ ಹೆಸರೇ ಬದಲಾಗುತ್ತದೆ.

ಎಂಬಿಟಿಐಯಲ್ಲಿ ಇಂಥ ಗಡಿ ನಾಲ್ಕು. ಒಂದೊಂದು ಅಕ್ಷರವೂ ಎರಡನೆಯ ಸಲ ಅದೇ ಬರುವ ಸಾಧ್ಯತೆ ನೂರಕ್ಕೆ 85 ಎಂದಿಟ್ಟುಕೊಂಡರೂ, ನಾಲ್ಕೂ ಅದೇ ಬರುವ ಸಾಧ್ಯತೆ ಸುಮಾರು 52. ಐದು ವಾರ ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನರ ವಿಧ ಬದಲಾಗುತ್ತದೆ ಎಂದು ಡೇವಿಡ್ ಪಿಟೆಂಜರ್ 1993ರಲ್ಲೇ ಬರೆದಿದ್ದರು. ಈ ಲೆಕ್ಕದ ಮುಂದೆ ಅದು ಅಚ್ಚರಿಯಲ್ಲ. ಅಟ್ಯಾಚ್‌ಮೆಂಟ್‌ನಲ್ಲೂ ಹಾಗೆಯೇ. ಮಾರ್ಕ್ ಬಾಲ್ಡ್‌ವಿನ್ ಮತ್ತು ಬೆವರ್ಲಿ ಫೆರ್ 1995ರಲ್ಲಿ ತೋರಿಸಿದಂತೆ, ವಿಧದ ರೂಪದಲ್ಲಿ ಕೇಳಿದಾಗ ಸುಮಾರು ಮೂರನೇ ಒಂದರಷ್ಟು ಜನ ಎರಡನೆಯ ಸಲ ಬೇರೆ ಉತ್ತರ ಆರಿಸುತ್ತಾರೆ. ಅಟ್ಯಾಚ್‌ಮೆಂಟ್ ನಿಜಕ್ಕೂ ವಿಧಗಳ ರೂಪದಲ್ಲಿದೆಯೇ ಎಂದು ಫ್ರೇಲಿ ಮತ್ತು ಸಂಗಡಿಗರು 2015ರಲ್ಲಿ ಪರಿಶೀಲಿಸಿದಾಗಲೂ, ನಿರಂತರ ಅಳತೆಯ ಮಾದರಿಯೇ ಹೆಚ್ಚು ಹೊಂದಿತು.

ಹೀಗೆ ಕತ್ತರಿಸಿದ ಎರಡು ಫಲಿತಾಂಶಗಳನ್ನು ತಂದು ಒಂದಕ್ಕೊಂದು ಹೊಂದಿಸಿದರೆ ತಪ್ಪು ಇಮ್ಮಡಿಸುತ್ತದೆ. ಹದಿನಾರು ವಿಧ, ನಾಲ್ಕು ಶೈಲಿ ಎಂದು 64 ಚೌಕಗಳ ಪಟ್ಟಿ ನೋಡಲು ಚೆನ್ನಾಗಿರುತ್ತದೆ. ಅದರ ಹೆಚ್ಚಿನ ಚೌಕಗಳಿಗೆ ಹಿಂದೆ ನಿಲ್ಲುವ ಪುರಾವೆ ಇಲ್ಲ.

ಹುಟ್ಟಿನಿಂದಲೋ ಬಾಲ್ಯದಿಂದಲೋ?

'ವ್ಯಕ್ತಿತ್ವ ಹುಟ್ಟಿನಿಂದ, ಅಟ್ಯಾಚ್‌ಮೆಂಟ್ ಅಮ್ಮನಿಂದ' ಎಂಬ ಹಂಚಿಕೆಯೂ ಚಾಲ್ತಿಯಲ್ಲಿದೆ. ಅವಳಿಗಳ ಮೇಲೆ ಬ್ರೆಂಟ್ ಡಾನೆಲನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಲುಗಾಡಿಸಿತು. ಪ್ರಶ್ನಾವಳಿಯಿಂದ ಅಳೆದ ಆತಂಕ ಮತ್ತು ದೂರ ಸರಿಯುವಿಕೆ ಎರಡರಲ್ಲೂ ಜನರ ನಡುವಿನ ವ್ಯತ್ಯಾಸದ ಸುಮಾರು 40 ಪ್ರತಿಶತ ವಂಶವಾಹಿಯ ಕಡೆಗೆ ಹೋಯಿತು. ಅದರ ದೊಡ್ಡ ಪಾಲು ಬಿಗ್ ಫೈವ್‌ನ ವಂಶವಾಹಿ ಪಾಲಿನ ಜೊತೆಗೇ ಹಂಚಿಕೆಯಾಗಿತ್ತು. ಉಳಿದದ್ದರಲ್ಲಿ ಹೆಚ್ಚಿನದು ಒಂದೇ ಮನೆಯಲ್ಲಿ ಬೆಳೆದವರೂ ಹಂಚಿಕೊಳ್ಳದ, ಅವರವರದೇ ಅನುಭವ.

2025ರ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದಲ್ಲಿ 1991ರಲ್ಲಿ 1,364 ಕುಟುಂಬಗಳ ನವಜಾತ ಶಿಶುಗಳಿಂದ ಶುರುವಾದ ದೀರ್ಘ ಅಧ್ಯಯನದಲ್ಲಿ ಇದ್ದವರ ಪೈಕಿ 705 ಜನರನ್ನು, ಅವರು ಮೂವತ್ತರ ಆಸುಪಾಸಿಗೆ ಬಂದಾಗ, ಕೀಲಿ ಡುಗನ್ ಮತ್ತು ಸಂಗಡಿಗರು ಮತ್ತೆ ಪ್ರಶ್ನಿಸಿದರು. ಚಿಕ್ಕಂದಿನಲ್ಲಿ ತಾಯಿಯ ಜೊತೆ ಒಳ್ಳೆಯ ನಂಟಿದ್ದವರು ಮುಂದೆ ಬಹುತೇಕ ಎಲ್ಲ ಸಂಬಂಧಗಳಲ್ಲೂ ಸ್ವಲ್ಪ ಹೆಚ್ಚು ನಿರಾಳವಾಗಿದ್ದರು. ಆದರೆ ಪ್ರೀತಿ ಮತ್ತು ಗೆಳೆತನದಲ್ಲಿ ಅವರು ಹೇಗಿದ್ದಾರೆ ಎಂಬುದರ ಜೊತೆ ಗಟ್ಟಿಯಾಗಿ ಹೊಂದಿದ್ದು ಬಾಲ್ಯದ ಗೆಳೆತನದ ಗುಣಮಟ್ಟ. 'ಅಮ್ಮನ ಪಾತ್ರ ಇಲ್ಲ' ಎಂದು ಕೆಲವರು ಓದಿಕೊಂಡರು. ಅಧ್ಯಯನ ಹಾಗೆ ಹೇಳಿಲ್ಲ. ಎರಡೂ ಪ್ರಭಾವಗಳ ಗಾತ್ರ ಸಣ್ಣದು, ಅಮ್ಮನದು ಹೆಚ್ಚು ಹರಡಿಕೊಂಡದ್ದು, ಗೆಳೆಯರದು ಹೆಚ್ಚು ನೇರವಾದದ್ದು. ಬಾಲ್ಯ ನೋಡಿ ಒಬ್ಬರ ಶೈಲಿ ಹೇಳಲಾಗದು ಎಂಬುದೂ ಅದರಿಂದಲೇ ತಿಳಿಯುತ್ತದೆ.

ತಪ್ಪು ಓದಿನಿಂದ ಯಾರಿಗೆ ಪೆಟ್ಟು?

ಕೆಲಸಕ್ಕೆ ಆರಿಸುವಾಗ ಎಂಬಿಟಿಐ ಬಳಸಬಾರದು ಎಂದು ಅದನ್ನು ಮಾರುವ ಕಂಪನಿಯ ಸ್ವಂತ ನಿಯಮಗಳೇ ಹೇಳುತ್ತವೆ. ಆದರೂ ಎಚ್ಆರ್ ವಿಭಾಗಗಳು ಕೇಳುವುದು ನಿಂತಿಲ್ಲ. ಪರಿಣಾಮ ಸರಳ: ಆ ಕೆಲಸಕ್ಕೂ ಅಕ್ಷರಕ್ಕೂ ಸಂಬಂಧವಿಲ್ಲದೆ ಅರ್ಹರು ಹೊರಗುಳಿಯುತ್ತಾರೆ, ಬೇಕಾದ ಅಕ್ಷರ ಯಾವುದು ಎಂದು ಗೊತ್ತಾದವರು ಹಾಗೆಯೇ ಉತ್ತರಿಸುತ್ತಾರೆ.

ಮನೆಯೊಳಗಿನ ಪರಿಣಾಮ ಇದಕ್ಕಿಂತ ಗಂಭೀರ. ಆತಂಕದ ಪ್ರಶ್ನೆಗಳು ಅಳುಕು ಇದೆಯೇ ಎಂದು ಮಾತ್ರ ಕೇಳುತ್ತವೆ, ಅಳುಕಿಗೆ ಕಾರಣವಿದೆಯೇ ಎಂದು ಕೇಳುವುದಿಲ್ಲ. ಗಂಡ ನಿಜವಾಗಿಯೂ ಸುಳ್ಳು ಹೇಳುತ್ತಿದ್ದರೆ, ಹೊಡೆಯುತ್ತಿದ್ದರೆ, ತವರಿಗೆ ಕಳಿಸುತ್ತೇನೆ ಎಂದು ಹೆದರಿಸುತ್ತಿದ್ದರೆ, ಹೆಂಡತಿಗೆ ಹೆಚ್ಚಿನ ಅಂಕವೇ ಬರುತ್ತದೆ. ಅದು ಅವಳ ಶೈಲಿಯಲ್ಲ, ಅವಳ ಪರಿಸ್ಥಿತಿ. 'ನೀನು ಆಂಕ್ಷಿಯಸ್, ಅದಕ್ಕೇ ಹೀಗೆ ಅನಿಸುತ್ತದೆ' ಎಂಬ ಮಾತು ಇಂಥಲ್ಲಿ ಆಯುಧವಾಗುತ್ತದೆ. ದಿನಗಟ್ಟಲೆ ಮಾತು ಬಿಡುವುದು, ಹಣ ತಡೆಹಿಡಿಯುವುದು ಇವನ್ನು 'ಅವನು ಅವಾಯ್ಡೆಂಟ್' ಎಂದು ಸಹಿಸಿಕೊಳ್ಳುವುದೂ ಅಷ್ಟೇ ಅಪಾಯ. ಹಿಂಸೆ ಇರುವಲ್ಲಿ ಪ್ರಶ್ನಾವಳಿ ಬದಿಗಿಟ್ಟು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು. ಹಿಂಸೆ ಇಲ್ಲದೆ ಆತಂಕವೇ ನಿದ್ದೆ, ಊಟ, ಕೆಲಸ ಕೆಡಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಉಚಿತ ಪರೀಕ್ಷೆಯ ಬೆಲೆ ಮಾಹಿತಿಯ ರೂಪದಲ್ಲೂ ಬರಬಹುದು. ಕೇಂಬ್ರಿಜ್ ಅನಲಿಟಿಕಾ ಹಗರಣ ಶುರುವಾದದ್ದು ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್‌ನಿಂದ. 8.7 ಕೋಟಿ ಜನರ ಮಾಹಿತಿ ಹೋಗಿರಬಹುದು ಎಂದು 2018ರಲ್ಲಿ ಫೇಸ್‌ಬುಕ್ ಒಪ್ಪಿಕೊಂಡಿತು, ಅದರಲ್ಲಿ ಭಾರತೀಯರು ಸುಮಾರು 5.6 ಲಕ್ಷ. ಫೋನ್ ನಂಬರ್ ಅಥವಾ ಕಾಂಟ್ಯಾಕ್ಟ್ಸ್ ಕೇಳುವ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ.

ಪರೀಕ್ಷೆ ತೆಗೆದುಕೊಳ್ಳುವುದೇ ಆದರೆ

ಮೊದಲು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸುತ್ತೀರಿ ಎಂದು ತೀರ್ಮಾನಿಸಿ, ಕೊನೆಯವರೆಗೆ ಅವರನ್ನೇ ಇಟ್ಟುಕೊಳ್ಳಿ. ಹತ್ತು ಪ್ರಶ್ನೆ ಹಳೆಯ ಗೆಳತಿಯ ಬಗ್ಗೆ, ಹತ್ತು ಈಗಿನ ಗಂಡನ ಬಗ್ಗೆ ಉತ್ತರಿಸಿದರೆ ಬರುವ ಅಂಕ ಯಾರ ಬಗ್ಗೆಯೂ ಅಲ್ಲ. ಸಂಗಾತಿ ಇಲ್ಲದವರು, ಮದುವೆ ಇನ್ನೂ ನಿಶ್ಚಯದ ಹಂತದಲ್ಲಿರುವವರು ಊಹಿಸಿ ತುಂಬುವುದಕ್ಕಿಂತ ತಾಯಿ, ತಂದೆ, ಆಪ್ತ ಗೆಳೆಯರ ಬಗ್ಗೆ ಕೇಳುವ ಒಂಬತ್ತು ಪ್ರಶ್ನೆಯ ರೂಪ ಬಳಸುವುದು ಲೇಸು. ಜಗಳವಾದ ದಿನ ಬೇಡ.

ಇಸಿಆರ್‌ನ ಪರಿಷ್ಕೃತ ರೂಪವನ್ನು ಕೈಯಾರೆ ಲೆಕ್ಕ ಹಾಕುವವರು ಅತಿ ಹೆಚ್ಚು ಎಡವುವುದು ತಿರುಗು ಪ್ರಶ್ನೆಗಳಲ್ಲಿ. ಆತಂಕದ 18ರಲ್ಲಿ 2, ದೂರ ಸರಿಯುವಿಕೆಯ 18ರಲ್ಲಿ 12 ಪ್ರಶ್ನೆಗಳನ್ನು ಉಲ್ಟಾ ಬರೆದಿದ್ದಾರೆ. ಅವುಗಳ ಅಂಕವನ್ನು 8ರಿಂದ ಕಳೆದು ಬಳಸಬೇಕು. ಉದಾಹರಣೆಗೆ, ಹತ್ತಿರದವರ ಬಳಿ ನಿರಾಳವಾಗಿರುವ ಒಬ್ಬರು ಆ 12ಕ್ಕೆ 6, ಉಳಿದ 6ಕ್ಕೆ 2 ಕೊಟ್ಟಿದ್ದಾರೆ ಎನ್ನಿ. ತಿರುಗಿಸಿ ಲೆಕ್ಕ ಹಾಕಿದರೆ ಸರಾಸರಿ 2.0. ತಿರುಗಿಸುವುದು ಮರೆತರೆ 4.7, ಅಂದರೆ ನಿರಾಳ ಮನುಷ್ಯನಿಗೆ ಅವಾಯ್ಡೆಂಟ್ ಹಣೆಪಟ್ಟಿ.

ಬಂದ ಅಂಕವನ್ನು ಒಂದೇ ಬಿಂದು ಎಂದು ಓದಬೇಡಿ. ಪ್ರಶ್ನಾವಳಿಯ ವಿಶ್ವಾಸಾರ್ಹತೆ (ಅಂಕ ಎಷ್ಟು ಸ್ಥಿರ ಎಂಬುದು, ಗರಿಷ್ಠ 1) 0.90, ಜನರ ನಡುವಿನ ಹರವು (ಸ್ಟ್ಯಾಂಡರ್ಡ್ ಡೀವಿಯೇಷನ್) 1.1 ಎಂದಿಟ್ಟುಕೊಂಡರೆ ಅಳತೆಯ ದೋಷ ಸುಮಾರು 0.35. ಅದರ ಎರಡು ಪಟ್ಟನ್ನು ಆಚೀಚೆ ಹಿಡಿದರೆ, 3.6 ಬಂದವರ ನಿಜವಾದ ಮಟ್ಟ 2.9ರಿಂದ 4.3ರೊಳಗೆ ಎಲ್ಲಿ ಬೇಕಾದರೂ ಇರಬಹುದು. ಇಂತಿಷ್ಟು ದಾಟಿದರೆ ಆಂಕ್ಷಿಯಸ್ ಎಂಬ ಒಪ್ಪಿತ ಗಡಿ ಈ ಪರೀಕ್ಷೆಗೆ ಇಲ್ಲ, ಗಡಿ ಹೇಳುವ ಜಾಲತಾಣ ಅದನ್ನು ತಾನೇ ಹಾಕಿಕೊಂಡಿರುತ್ತದೆ. ವ್ಯಕ್ತಿತ್ವವನ್ನೂ ಜೊತೆಗೆ ನೋಡಬೇಕೆಂದರೆ ನಾಲ್ಕು ಅಕ್ಷರ ಬಿಟ್ಟು, ನ್ಯೂರಾಟಿಸಿಸಂ ಅಂಕ ಕೊಡುವ ಬಿಗ್ ಫೈವ್ ಪರೀಕ್ಷೆ ಆರಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಉಪಯೋಗವಾಗುವುದು ಒಂದು ಪ್ರಶ್ನೆಗೆ. ನ್ಯೂರಾಟಿಸಿಸಂ ಹೆಚ್ಚು, ಆತಂಕವೂ ಹೆಚ್ಚು ಇದ್ದರೆ ಚಿಂತೆ ಕೆಲಸ, ಆರೋಗ್ಯ, ಹಣ ಎಲ್ಲ ಕಡೆಗೂ ಹರಡಿರುವ ಸಾಧ್ಯತೆ ಇದೆ. ನ್ಯೂರಾಟಿಸಿಸಂ ಕಡಿಮೆ ಇದ್ದು ಒಬ್ಬರ ವಿಷಯದಲ್ಲಿ ಮಾತ್ರ ಆತಂಕ ಹೆಚ್ಚಿದ್ದರೆ, ಮೊದಲು ನೋಡಬೇಕಾದದ್ದು ಆ ಸಂಬಂಧವನ್ನು.

ಕನ್ನಡದಲ್ಲಿ ಈ ಅಂಕಗಳ ಬೆಲೆ

ಇಲ್ಲಿ ಹೇಳಿದ ಸಹಸಂಬಂಧಗಳು ಹೆಚ್ಚಾಗಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಂದ ಬಂದವು. ಮಾರಿನಸ್ ವಾನ್ ಐಜೆಂಡೋರ್ನ್ ಮತ್ತು ಪೀಟರ್ ಕ್ರೂನೆನ್‌ಬರ್ಗ್ 1988ರಲ್ಲಿ ಎಂಟು ದೇಶಗಳ ಶಿಶು ಅಧ್ಯಯನಗಳನ್ನು ಒಟ್ಟುಗೂಡಿಸಿ, ದೇಶ ದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು ಹೆಚ್ಚು ಎಂದು ತೋರಿಸಿದರು. ಅದು ಧೈರ್ಯ ಕೊಡುವ ಮಾತು. ದೊಡ್ಡವರ ಪ್ರಶ್ನಾವಳಿಗಳ ಕಥೆ ಅಷ್ಟು ಸಲೀಸಲ್ಲ. ಡೇವಿಡ್ ಶ್ಮಿಟ್ ಮತ್ತು ಸಂಗಡಿಗರು 2004ರಲ್ಲಿ 62 ಪ್ರದೇಶಗಳ 17,804 ಜನರನ್ನು ಹೋಲಿಸಿದಾಗ, ಇನ್ನೊಬ್ಬರ ಮೆಚ್ಚುಗೆಗಾಗಿ ತುಡಿಯುವ ಆತಂಕದ ಶೈಲಿ ಪೂರ್ವ ಏಷ್ಯಾದಲ್ಲಿ ಎದ್ದು ಕಂಡಿತು. ಕುಟುಂಬದ ಮೆಚ್ಚುಗೆಗೆ ಬೆಲೆ ಕೊಡುವ ಸಮಾಜದಲ್ಲಿ ಅದು ಅಳುಕೋ ಮರ್ಯಾದೆಯೋ ಎಂದು ಪ್ರಶ್ನಾವಳಿ ಬಿಡಿಸಿ ಹೇಳದು.

ರಶೀದ್ ಲಾಜಾಜ್ ಮತ್ತು ಸಂಗಡಿಗರು 2019ರಲ್ಲಿ 23 ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಮನೆಮನೆಗೆ ಹೋಗಿ ಕೇಳಿದ ಬಿಗ್ ಫೈವ್ ಉತ್ತರಗಳನ್ನು ಪರಿಶೀಲಿಸಿದಾಗ ಐದು ಗುಣಗಳು ಬೇರೆಬೇರೆಯಾಗಿ ನಿಲ್ಲಲೇ ಇಲ್ಲ. ಮುಖ್ಯ ಕಾರಣಗಳಲ್ಲೊಂದು, ಎದುರಿಗೆ ಕೂತು ಕೇಳಿದವರಿಗೆ ಜನ ಎಲ್ಲದಕ್ಕೂ ಹೌದು ಎನ್ನುವುದು. ತಿರುಗು ಪ್ರಶ್ನೆಗೂ ನೇರ ಪ್ರಶ್ನೆಗೂ ಎರಡಕ್ಕೂ 'ಹೌದು' ಬಂದರೆ ಅಂಕ ನಡುವೆ ಬಂದು ನಿಲ್ಲುತ್ತದೆ, ವ್ಯಕ್ತಿ ಹೇಗಿದ್ದರೂ. ಆದ್ದರಿಂದ ಇಂಗ್ಲಿಷ್ ಪ್ರಶ್ನಾವಳಿಯನ್ನು ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕಿ ಕನ್ನಡ ಮಾಡಿಕೊಂಡರೆ ಸಾಲದು. ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು, ಮೂಲ ನೋಡದ ಮೂರನೆಯವರು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಮೈಸೂರು, ಕಲಬುರಗಿ, ಮಂಗಳೂರು, ಧಾರವಾಡದವರು ಒಂದೊಂದು ವಾಕ್ಯವನ್ನೂ ಹೇಗೆ ಅರ್ಥ ಮಾಡಿಕೊಂಡರು ಎಂದು ಕೂರಿಸಿ ಕೇಳಬೇಕು. ಆಮೇಲೆ ಕೆಲವು ನೂರು ಜನರ ಉತ್ತರದಲ್ಲಿ ಅದೇ ಎರಡು ಅಳತೆಗಳು ಮತ್ತೆ ಕಾಣುತ್ತವೆಯೇ ಎಂದು ಪರೀಕ್ಷಿಸಬೇಕು. ಇಷ್ಟನ್ನೂ ದಾಟದ ಕನ್ನಡ ಪ್ರಶ್ನಾವಳಿಯ ಅಂಕವನ್ನು ಅಮೆರಿಕದ ಸರಾಸರಿಯ ಪಕ್ಕ ಇಟ್ಟು 'ನೀವು ಇಂಥವರು' ಎನ್ನಲು ಆಧಾರವಿಲ್ಲ.